ಬಟಾಣಿ ಡಬ್ಬಿಯ 'ಎ'

ನನ್ನ ತಾಯಿ ಐಲಾ ಕಂಗಾಸ್‌ಗೆ ತನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ನಾನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಭಾನುವಾರ ಚರ್ಚ್ ಮುಗಿದ ಮೇಲೆ ಕಾಫಿ ಕುಡಿಯುತ್ತ ಅವಳೇ ನಾಲ್ಕು ಜನರ ಮುಂದೆ ಹೇಳುತ್ತಾಳೆ: "ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮಂಡಿ ನೋವು. ನಂಗೆ ಸಿಲ್ವಿ."

ಸಿಲ್ವಿ ನನ್ನ ಚಿಕ್ಕಮ್ಮ. ಅಮ್ಮನಿಗಿಂತ ಎರಡು ವರ್ಷ ಚಿಕ್ಕವಳು. ಇಬ್ಬರೂ ಹುಟ್ಟಿದ್ದು, ಬೆಳೆದದ್ದು ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಈ ಊರಿನಲ್ಲೇ. ತಾಮ್ರದ ಗಣಿ ಮುಚ್ಚಿದ ಮೇಲೆ ಅಜ್ಜ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದ. ಶಾಲೆಯಿಂದ ಫಲಿತಾಂಶದ ಕಾಗದ ಬಂದ ವಾರ, ಶನಿವಾರದ ಸೌನಾ, ಅಂದರೆ ಬಿಸಿ ಹಬೆಯ ಸ್ನಾನ ಮುಗಿಸಿ, ಕೆಂಪಗಾದ ಮುಖದಲ್ಲಿ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದನಂತೆ. ಸಿಲ್ವಿಗೆ ಎ, ಎ, ಎ. ಐಲಾಗೆ ಸಿ, ಬಿ, ಸಿ. ಕೊನೆಗೆ, "ಐಲಾ ಕಷ್ಟಪಡ್ತಾಳೆ ಅಂತ ಟೀಚರ್ ಬರ್ದಿದಾರೆ" ಎಂದು ಸೇರಿಸುತ್ತಿದ್ದ. ಸಿಲ್ವಿಯ ಕಾಗದ ಫ್ರಿಜ್ಜಿನ ಬಾಗಿಲಿಗೆ ಅಂಟುತ್ತಿತ್ತು. ಅಮ್ಮನದು ಚಮಚಗಳ ಡ್ರಾಯರಿಗೆ ಹೋಗುತ್ತಿತ್ತು.

"ಕಷ್ಟಪಡ್ತಾಳೆ ಅನ್ನೋದು ಹೊಗಳಿಕೆ ಅಲ್ಲ ಕಣೆ," ಎಂದು ಅಮ್ಮ ಈಗಲೂ ನನಗೆ ಹೇಳುತ್ತಾಳೆ. "ಕುಂಟೋ ಕುದುರೆಗೆ ಬೆನ್ನು ತಟ್ತಾರಲ್ಲ, ಹಂಗೆ ಅದು."

ಅಮ್ಮ ಹೈಸ್ಕೂಲು ಮುಗಿಸಿ ಊರಿನ ವೃದ್ಧಾಶ್ರಮದಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಮುದುಕರಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಮಗ್ಗಲು ಬದಲಾಯಿಸುವುದು. ಸಿಲ್ವಿ ಬ್ಯಾಂಕಿನ ಗಾಜಿನ ಹಿಂದೆ ಕೂತಳು. ಮದುವೆಯಾದಳು, ಬಿಟ್ಟಳು, ಮತ್ತೆ ಬ್ಯಾಂಕಿಗೇ ಬಂದಳು. ಹೀಗೆ ಇಬ್ಬರ ದಾರಿಯೂ ಬೇರೆ ಬೇರೆಯಾಗಿದ್ದ ಕಾಲದಲ್ಲಿ ಅಮ್ಮನ ಹೊಟ್ಟೆಯ ಬೆಂಕಿಗೆ ಬೂದಿ ಮುಚ್ಚಿತ್ತು. ನನ್ನ ನೆನಪಿನಲ್ಲಿ ಅವು ಒಳ್ಳೆಯ ದಿನಗಳು. ಇಬ್ಬರೂ ಸೇರಿ ಏಲಕ್ಕಿ ಬ್ರೆಡ್ಡು ಸುಡುತ್ತಿದ್ದರು.

ಹೋದ ವರ್ಷ ಅಮ್ಮ ನರ್ಸಿಂಗ್ ಓದುತ್ತೇನೆಂದು ಹೊರಟಳು. ಆಯಾಗಳಿಗೆ ಔಷಧಿ ಕೊಡುವ ಅಧಿಕಾರವಿಲ್ಲ. ಮುದುಕರು ನೋವಿನಿಂದ ನರಳುತ್ತಿದ್ದರೂ ನರ್ಸು ಬರುವವರೆಗೆ ಕೈಕಟ್ಟಿ ನಿಲ್ಲಬೇಕು. ಹಾಗೆ ನಿಂತು ನಿಂತು ಸಾಕಾಯಿತು ಎಂದಳು. ನಮ್ಮ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ ನರ್ಸಿಂಗ್ ತರಗತಿಯಿದೆ. ನಾನು ಅದೇ ಕಾಲೇಜಿಗೆ ಸೇರಿ ಮೊದಲ ಟರ್ಮಿನಲ್ಲೇ ಬಿಟ್ಟವಳು. ಆದ್ದರಿಂದ ಅಮ್ಮ ಅರ್ಜಿ ಹಾಕಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಎರಡು ವಾರ ಕಳೆದು ಸಿಲ್ವಿ ಚಿಕ್ಕಮ್ಮ ಮನೆಗೆ ಬಂದು, "ಅಕ್ಕಾ, ನಂಗೂ ಬ್ಯಾಂಕು ಸಾಕಾಗಿದೆ. ನಾನೂ ನರ್ಸಿಂಗ್ ಮಾಡ್ತೀನಿ. ಇಬ್ರೂ ಒಟ್ಟಿಗೇ ಓದೋಣ!" ಎಂದಳು.

ಅಮ್ಮ ಕಾಫಿ ಬಗ್ಗಿಸುತ್ತಿದ್ದಳು. ಲೋಟ ತುಂಬಿ ತಟ್ಟೆಗೆ ಚೆಲ್ಲಿತು. "ಓದೋಣ," ಎಂದಳು.

ನರ್ಸಿಂಗಿಗೆ ಸೇರುವ ಮೊದಲು ದೇಹರಚನೆಯ ಪಾಠ ಮುಗಿಸಬೇಕು. ಅದರಲ್ಲಿ ಬಂದ ಎ, ಬಿ, ಸಿ ಅಕ್ಷರದ ಮೇಲೆಯೇ ಸೀಟು. ಪಾಠ ಹೇಳುವವರು ದುಫೋರ್ ಎಂಬ ಮೇಷ್ಟ್ರು. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಸ್ವೆಟರಿನ ಮೊಣಕೈಗೆ ತೇಪೆ. ಅವರದು ಗಂಟೆ ಪರೀಕ್ಷೆ. ದೊಡ್ಡ ಕೋಣೆಯ ಸುತ್ತ ಮೇಜುಗಳು. ಪ್ರತಿ ಮೇಜಿನ ಮೇಲೆ ಒಂದು ಮೂಳೆಯೋ, ಪ್ಲಾಸ್ಟಿಕ್ಕಿನ ಅಂಗವೋ ಇರುತ್ತದೆ, ಅದಕ್ಕೊಂದು ಬಣ್ಣದ ಪಿನ್ನು ಚುಚ್ಚಿರುತ್ತದೆ. ಪಿನ್ನಿನ ತುದಿ ಏನನ್ನು ಮುಟ್ಟುತ್ತಿದೆಯೋ ಅದರ ಹೆಸರು ಬರೆಯಬೇಕು. ಮೇಷ್ಟ್ರು ಗಂಟೆ ಬಾರಿಸಿದರೆ ಮುಂದಿನ ಮೇಜಿಗೆ ಹೋಗಬೇಕು. ನಡುವೆ ಒಂದು ಮೇಜು ಖಾಲಿ; ಅಲ್ಲಿ ಕುರ್ಚಿ, ಒಂದು ಬಟ್ಟಲು ಪೆಪ್ಪರ್‌ಮಿಂಟು. ಅದು ಉಸಿರಾಡಲು. ಉತ್ತರ ಪತ್ರಿಕೆಯಲ್ಲಿ ಆ ಮೇಜಿನ ಸಾಲನ್ನು ಖಾಲಿ ಬಿಡಬೇಕು.

ಆ ಟರ್ಮ್ ಪೂರ್ತಿ ಅಮ್ಮ ಓದಿದ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವಳಿಗೆ ಪುಸ್ತಕ ತಲೆಗೆ ಹತ್ತುವುದಿಲ್ಲ, ಕೈಗೆ ಹತ್ತುತ್ತದೆ. ವೃದ್ಧಾಶ್ರಮದಲ್ಲಿ ಸಾಯ್ಮಾ ಅಜ್ಜಿಗೆ ಬೆನ್ನು ಉಜ್ಜುತ್ತ ಒಂದೊಂದೇ ಮೂಳೆಯ ಹೆಸರು ಹೇಳಿಕೊಳ್ಳುತ್ತಿದ್ದಳಂತೆ.

"ಏನೇ ಅದು ನನ್ನ ಬೆನ್ನ ಮೇಲೆ ಮಂತ್ರ?" ಎಂದು ಅಜ್ಜಿ ಕೇಳಿದಳು.

"ನಿಮ್ಮ ಮೂಳೆ ಹೆಸರು, ಅಜ್ಜಿ."

"ಎಲ್ಲಾ ಇವೆಯಾ?"

"ಇವೆ."

"ಹಂಗಾದ್ರೆ ಸರಿ. ಮುಟ್ಟಿದ್ದನ್ನ ಅಲ್ಲಲ್ಲೇ ಇಟ್ಟು ಹೋಗು."

ಸಿಲ್ವಿಗೆ ಇದಾವುದೂ ಬೇಕಿರಲಿಲ್ಲ. ಒಂದು ಸಲ ಪುಟ ತಿರುವಿದರೆ ಸಾಕು. ತರಗತಿಗೆ ತಡವಾಗಿ ಬರುತ್ತಿದ್ದಳು, ಹೋಂವರ್ಕ್ ಕೊಟ್ಟರೆ ಅರ್ಧ ಮಾಡುತ್ತಿದ್ದಳು. ಆದರೂ ಮೇಷ್ಟ್ರು ಪ್ರಶ್ನೆ ಕೇಳಿದಾಗ ಇಡೀ ತರಗತಿ ಅವಳ ಕಡೆಗೇ ತಿರುಗುತ್ತಿತ್ತು. ಅಮ್ಮ ಅದನ್ನು ಮನೆಗೆ ಬಂದು ನನಗೆ ನಟಿಸಿ ತೋರಿಸುತ್ತಿದ್ದಳು: ಕುತ್ತಿಗೆ ತಿರುಗಿಸುವುದು, ಕಣ್ಣರಳಿಸುವುದು, "ಆಹಾ ಸಿಲ್ವಿ!" ಎನ್ನುವುದು. ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ನವೆಂಬರಿನಲ್ಲಿ ಕಾಲೇಜಿನವರು ಬಡವರಿಗೆ ಹಂಚಲು ಆಹಾರ ಕೂಡಿಸುತ್ತಾರೆ. ವಿದ್ಯಾರ್ಥಿಗಳು ಸೀಲಾದ ಆಹಾರದ ತಗಡಿನ ಡಬ್ಬಿ ತಂದರೆ ಡಬ್ಬಿಗೊಂದು ಅಂಕ ಹೆಚ್ಚಿಗೆ ಎಂದು ಹಲವು ಮೇಷ್ಟ್ರುಗಳು ಹೇಳುವುದುಂಟು. ದುಫೋರ್ ಮೇಷ್ಟ್ರೂ ಹೇಳಿದರು, ಮಿತಿ ಹಾಕಲು ಮರೆತರು. ಅಮ್ಮ ಅಂಗಡಿಯಲ್ಲಿ ಅಗ್ಗಕ್ಕೆ ಹಾಕಿದ್ದ ಬಟಾಣಿ ಡಬ್ಬಿಗಳನ್ನು ಪೆಟ್ಟಿಗೆಗಟ್ಟಲೆ ಹೊತ್ತುಕೊಂಡು ಹೋದಳು. ತರಗತಿಯಲ್ಲಿ ಒಬ್ಬ ಹುಡುಗ, "ಐಲಾ ಆಂಟೀ, ಪಿತ್ತಕೋಶ ಅಂದ್ರೆ ಬಟಾಣಿಗಿಂತ ದೊಡ್ಡದಾ ಚಿಕ್ಕದಾ?" ಎಂದು ಕೇಳಿದನಂತೆ. ಸಿಲ್ವಿಯೂ ನಕ್ಕಳಂತೆ. ಅಮ್ಮ ಕ್ಷಮಿಸದೆ ಇಟ್ಟುಕೊಂಡಿರುವುದು ಹುಡುಗನ ಪ್ರಶ್ನೆಯನ್ನಲ್ಲ, ಆ ನಗುವನ್ನು.

ಡಿಸೆಂಬರಿನ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು. ನರ್ಸಿಂಗಿನಲ್ಲಿ ಒಂದೇ ಸೀಟು ಉಳಿದಿತ್ತು. ಅದರ ಹತ್ತಿರಕ್ಕೆ ಬಂದವರು ಈ ಇಬ್ಬರೇ. ಕಾಲೇಜಿನ ಕಚೇರಿಯಲ್ಲಿರುವವಳೂ ನಮ್ಮ ಚರ್ಚಿನವಳೇ ಆದ್ದರಿಂದ ಇಂಥ ವಿಷಯ ಊರಲ್ಲಿ ನಿಲ್ಲುವುದಿಲ್ಲ. ದೇಹರಚನೆಯಲ್ಲಿ ಯಾರ ಅಕ್ಷರ ಮೇಲೋ ಅವರಿಗೆ ಸೀಟು. ಇಬ್ಬರದೂ ಒಂದೇ ಆದರೆ ಹೈಸ್ಕೂಲಿನ ಹಳೆಯ ಫಲಿತಾಂಶ ನೋಡುತ್ತಾರೆ. ಹಳೆಯದನ್ನು ನೋಡಿದರೆ ಸೀಟು ಸಿಲ್ವಿಗೇ. ಅಮ್ಮನಿಗೆ ಇದ್ದದ್ದು ಒಂದೇ ದಾರಿ: ಅವಳಿಗೆ ಎ ಬರಬೇಕು, ಸಿಲ್ವಿಗೆ ಬರಬಾರದು.

ಕೊನೆಯ ಗಂಟೆ ಪರೀಕ್ಷೆ ಆಯಿತು. ಫಲಿತಾಂಶ ಬಂದಾಗ ಹಾಗೆಯೇ ಆಗಿತ್ತು. ಅಮ್ಮನಿಗೆ ಎ. ಸಿಲ್ವಿಗೆ ಬಿ.

ಅಮ್ಮ ಕೂಗಲಿಲ್ಲ, ಕುಣಿಯಲಿಲ್ಲ. ಒಲೆಯ ಮುಂದೆ ನಿಂತು, "ಸಿಲ್ವಿಗೆ ಬಿ," ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಹೇಳಿದಳು. ತನ್ನ ಎ ಬಗ್ಗೆ ಒಂದು ಮಾತೂ ಬರಲಿಲ್ಲ.

ಮರುದಿನ ಉತ್ತರ ಪತ್ರಿಕೆ ವಾಪಸು ತರಲು ನಾನೇ ಅವಳನ್ನು ಕಾರಿನಲ್ಲಿ ಕರೆದೊಯ್ದೆ. ಮೊದಲು ಅಕ್ಕ ತಂಗಿ ಒಂದೇ ಕಾರಿನಲ್ಲಿ ಹೋಗುತ್ತಿದ್ದರು; ಬಟಾಣಿ ನಗುವಾದ ಮೇಲೆ ಅದು ನಿಂತುಹೋಗಿತ್ತು. ಮೇಷ್ಟ್ರ ಕೋಣೆಯ ಬಾಗಿಲು ತೆರೆದಿತ್ತು. ಒಳಗಿನಿಂದ ಸಿಲ್ವಿಯ ದನಿ ಬರುತ್ತಿತ್ತು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು.

"ನೋಡಿ ಮೇಷ್ಟ್ರೇ, ಇಲ್ಲಿ ಪೆಪ್ಪರ್‌ಮಿಂಟ್ ಮೇಜು. ಈ ಸಾಲು ಖಾಲಿ ಬಿಡ್ಬೇಕಿತ್ತು. ಅವಸರದಲ್ಲಿ ಮುಂದಿನ ಮೂಳೇನ ಇದ್ರಲ್ಲಿ ಬರ್ದೆ. ಅಲ್ಲಿಂದಾಚೆ ಎಲ್ಲಾ ಒಂದೊಂದು ಸಾಲು ಮೇಲಾಗಿದೆ. ಒಂದು ಸಾಲು ಕೆಳಗೆ ಸರ್ಸಿ ಓದಿ, ಎಲ್ಲಾ ಸರಿ."

"ನೋಡ್ದೆ. ಸರಿ ಇದೆ," ಎಂದರು ಮೇಷ್ಟ್ರು.

"ಮತ್ತೆ? ಅಕ್ಷರ ಕೊಡೋದು ನಂಗೇನು ಗೊತ್ತು ಅನ್ನೋದಕ್ಕೋ, ಗೆರೆ ಎಣಿಸೋಕೆ ಬರುತ್ತಾ ಅನ್ನೋದಕ್ಕೋ?"

ಮೇಷ್ಟ್ರ ಕುರ್ಚಿ ಕಿರುಗುಟ್ಟಿತು. ಅವರು ಅಕ್ಷರ ತಿದ್ದಲು ಪೆನ್ನು ತೆಗೆದುಕೊಂಡರೆಂದು ಅಮ್ಮನಿಗೆ ಅನ್ನಿಸಿರಬೇಕು. ನನ್ನ ಪಕ್ಕದಲ್ಲಿ ಕೂತವಳು ಎದ್ದು ನೇರವಾಗಿ ಒಳಗೆ ಹೋದಳು. ಏನು ಮಾಡಬೇಕೆಂದು ತಿಳಿಯದೆ ನಾನು ಬಾಗಿಲವರೆಗೆ ಹೋಗಿ ನಿಂತೆ.

"ಐಲಾ, ಒಬ್ಬರ ಅಂಕ ಇನ್ನೊಬ್ಬರ ಮುಂದೆ ಮಾತಾಡೋ ಹಾಗಿಲ್ಲ," ಎಂದರು ಮೇಷ್ಟ್ರು.

"ಪರವಾಗಿಲ್ಲ ಬಿಡಿ," ಎಂದಳು ಸಿಲ್ವಿ. "ನನ್ನ ಅಂಕ ಎಲ್ಲಾ ಮೂರನೇ ಕ್ಲಾಸಿಂದ ಅಕ್ಕಂಗೆ ಬಾಯಿಪಾಠ."

ಅಮ್ಮ ಅವಳ ಕಡೆ ನೋಡಲಿಲ್ಲ. "ಮೇಷ್ಟ್ರೇ, ನಮ್ಮ ವೃದ್ಧಾಶ್ರಮದಲ್ಲಿ ಸಾಲಾಗಿ ಮಂಚ ಹಾಕಿದಾರೆ. ನಡುವೆ ಒಂದು ಮಂಚ ಖಾಲಿ ಇದೆ ಅಂತ ಇಟ್ಕೊಳ್ಳಿ. ನರ್ಸು ಬಂದ್ಲು. ಮಾತ್ರೆ ಎಲ್ಲಾ ಸರಿಯಾದ ಮಾತ್ರೇನೇ. ಖಾಲಿ ಮಂಚ ನೋಡ್ಲಿಲ್ಲ. ಅಲ್ಲಿಂದಾಚೆ ಎಲ್ಲರಿಗೂ ಪಕ್ಕದವರ ಮಾತ್ರೆ. ಎಷ್ಟು ಜನ ಉಳೀತಾರೆ? ಒಂದು ಮಂಚ ಸರ್ಸಿ ಓದ್ಕೊಳ್ಳಿ ಅಂದ್ರೆ ಎದ್ದು ಬರ್ತಾರಾ?"

ಅಮ್ಮ ಅದನ್ನು ಹೇಳಿದ್ದು ಹೊಟ್ಟೆಕಿಚ್ಚಿನಿಂದ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ಮಾತು ಸುಳ್ಳಾಗಿರಲಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟರು.

ಸಿಲ್ವಿಯ ಮುಖ ಕೆಂಪಾಯಿತು. "ಓಹೋ. ಹಂಗೆ ಲೆಕ್ಕ ಹಾಕೋದಾದ್ರೆ ನಿನ್ನ ಬಟಾಣಿ ಡಬ್ಬಿ ಯಾವ ರೋಗಿಗೆ ಚುಚ್ಚೋದಕ್ಕೆ ಅಕ್ಕಾ? ಅದನ್ನ ತೆಗ್ದು ಹಾಕಿದ್ರೆ ನಿಂಗೆ ಎ ಬರುತ್ತಾ? ಕೇಳು ಮೇಷ್ಟ್ರನ್ನ."

ಅಮ್ಮ ಕೇಳಲಿಲ್ಲ. ಮೇಷ್ಟ್ರು ತಲೆ ತಗ್ಗಿಸಿದ್ದನ್ನು ನೋಡಿದರೆ ಸಾಕಾಗಿತ್ತು.

"ತಪ್ಪು ನಂದು," ಎಂದರು ಅವರು. "ಡಬ್ಬಿಗೆ ಅಂಕ ಕೊಡ್ತೀನಿ ಅಂದವನು ನಾನು. ಹಸಿದವರಿಗೆ ಊಟ ಕೊಟ್ಟವಳು ಒಳ್ಳೆಯವಳು, ನಿಜ. ಆದ್ರೆ ಒಳ್ಳೇತನಕ್ಕೂ ಮಣಿಕಟ್ಟಿನ ಮೂಳೆಗೂ ಒಂದೇ ಅಕ್ಷರ ಕೊಡೋಕೆ ಹೊರಟೆ ನೋಡಿ. ಇಷ್ಟು ವರ್ಷದಿಂದ ಕೊಡ್ತಾ ಇದೀನಿ. ಎ ಅಂದ್ರೆ ಏನು ಅಂತ ಯಾರೂ ಹಿಂಗೆ ನಿಲ್ಲಿಸಿ ಕೇಳಿರ್ಲಿಲ್ಲ."

ಆಗ ಸಿಲ್ವಿ ಅಕ್ಕನ ಮುಖ ನೋಡಿದಳು. ಏನು ಕಂಡಳೋ, ಅವಳ ದನಿ ಇಳಿಯಿತು. "ಹೋಗ್ಲಿ ಬಿಡಿ ಮೇಷ್ಟ್ರೇ. ನಂಗೆ ಬಿ ಇರ್ಲಿ. ಅಕ್ಕಾ, ಎ ನೀನೇ ಇಟ್ಕೋ. ನಾನು ಮುಂದಿನ ವರ್ಷ ಸೇರ್ಕೋತೀನಿ. ನಂಗೇನು, ಯಾವಾಗ ಬೇಕಾದ್ರೂ ಬರುತ್ತೆ."

ಚಿಕ್ಕಮ್ಮ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು ಎಂದು ನಾನು ನಂಬಿದ್ದೇನೆ. ಆದರೆ ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು.

"ಯಾವಾಗ ಬೇಕಾದ್ರೂ ಬರುತ್ತಾ?" ಅಮ್ಮನ ದನಿ ಎಷ್ಟು ಮೆಲ್ಲಗಿತ್ತೆಂದರೆ ನನಗೆ ಭಯವಾಯಿತು. "ನಿಂಗೆ ಬೇಡ್ದೇ ಇರೋದು ಅಂತ ನಂಗೆ ಕೊಡ್ತೀಯಾ? ನೀನು ಬೇಗ ಎತ್ತರ ಬೆಳ್ದೆ ಅಂತ ನಿನ್ನ ಹಳೇ ಕೋಟು ಹಾಕ್ಕೊಂಡೆ, ನಿನ್ನ ಹಳೇ ಸೈಕಲ್ ತುಳಿದೆ. ಅಕ್ಕ ಆಗಿದ್ರೂ ತಂಗಿ ಬಿಟ್ಟಿದ್ದನ್ನ ಹಾಕ್ಕೊಂಡವಳು ಈ ಊರಲ್ಲಿ ನಾನೊಬ್ಳೇ. ಎ ಕೂಡ ನಿನ್ನ ಹಳೇದೇ ಹಾಕ್ಕೊಳ್ಳಾ?"

"ಅಕ್ಕಾ, ನಿಂಗೆ ಹುಚ್ಚು ಹಿಡ್ದಿದೆಯಾ? ಸೀಟು ನಿನ್ನ ಕೈಲಿದೆ!"

"ಮೇಷ್ಟ್ರೇ," ಎಂದಳು ಅಮ್ಮ, "ಇನ್ನೊಂದು ಸಲ ಪಿನ್ನು ಚುಚ್ಚಿ. ಬೇರೆ ಜಾಗದಲ್ಲಿ. ನಾವಿಬ್ರೂ ಬರೀತೀವಿ."

ಮೇಷ್ಟ್ರು ಗೋಡೆಯ ಕ್ಯಾಲೆಂಡರ್ ನೋಡಿದರು. ಅಂಕಗಳನ್ನು ಕಚೇರಿಗೆ ಕೊಡಲು ಸೋಮವಾರದವರೆಗೆ ಸಮಯವಿತ್ತು. "ಶನಿವಾರ ಬೆಳಿಗ್ಗೆ," ಎಂದರು. "ಆದ್ರೆ ಒಂದು ಮಾತು ಐಲಾ. ಬರೆದ್ರೆ ಅದೇ ಕೊನೆ. ಇಬ್ಬರಿಗೂ ಆ ಪರೀಕ್ಷೇದೇ ಅಕ್ಷರ. ಹಾಜರಿ ಲೆಕ್ಕಕ್ಕೆ ಬರಲ್ಲ, ಹೋಂವರ್ಕ್ ಬರಲ್ಲ, ಡಬ್ಬಿನೂ ಬರಲ್ಲ. ಯೋಚನೆ ಮಾಡು. ಈಗ ಇರೋ ಎ ನಾನಾಗಿ ಕಿತ್ಕೊಳ್ಳೋನಲ್ಲ."

"ಡಬ್ಬಿ ಬೇಡ," ಎಂದಳು ಅಮ್ಮ.

ಮನೆಗೆ ಬರುವಾಗ ಕಾರಿನಲ್ಲಿ ನಾನು, "ಅಮ್ಮಾ, ಸುಮ್ನೆ ಇದ್ದಿದ್ರೆ ನರ್ಸ್ ಆಗ್ತಿದ್ದೆ," ಎಂದೆ.

"ಆಗ್ತಿದ್ದೆ. ಚರ್ಚಲ್ಲಿ ಎಲ್ಲರೂ ಬಟಾಣಿ ನರ್ಸು ಅಂತಿದ್ರು."

"ಯಾರೂ ಅನ್ನಲ್ಲ."

"ಅವಳು ಅನ್ನಲ್ಲ. ಅದೇ ಕಷ್ಟ. ಅನ್ನದೇ ಇದ್ದು ಇದ್ದು ನನ್ನನ್ನ ಸಾಯಿಸ್ತಾಳೆ."

ಶನಿವಾರ ರಸ್ತೆ ತುಂಬ ಹಿಮ ಬಿದ್ದಿತ್ತು. ಕಾಲೇಜಿನಲ್ಲಿ ಬೇರೆ ಯಾರೂ ಇರಲಿಲ್ಲ. ಪರೀಕ್ಷೆಯ ಕೋಣೆಯ ಬಾಗಿಲಿಗೆ ಉದ್ದನೆಯ ಗಾಜಿದೆ; ನಾನು ಹೊರಗೆ ನಿಂತು ಅದರಿಂದ ನೋಡಿದೆ. ನಲವತ್ತು ಮೇಜು, ನಲವತ್ತು ಪಿನ್ನು. ಅವಲ್ಲದೆ ಖಾಲಿ ಮೇಜೂ ಬಟ್ಟಲೂ ಇದ್ದವು. ಮೇಷ್ಟ್ರು ಅಕ್ಕ ತಂಗಿಯನ್ನು ಎದುರುಬದುರು ಮೂಲೆಗಳಲ್ಲಿ ನಿಲ್ಲಿಸಿ ಗಂಟೆ ಬಾರಿಸಿದರು. ಇಬ್ಬರೂ ಒಂದೇ ದಿಕ್ಕಿನಲ್ಲಿ ಸುತ್ತುತ್ತ ಒಬ್ಬರ ಹಿಂದೆ ಒಬ್ಬರು ನಡೆದರು. ಅಷ್ಟು ದೊಡ್ಡ ಕೋಣೆಯಲ್ಲಿ ಇಬ್ಬರೇ ಹೆಂಗಸರು ಮೂಳೆಗಳನ್ನು ಬಗ್ಗಿ ನೋಡುತ್ತಿದ್ದರೆ ಸಂತೆಯಲ್ಲಿ ತರಕಾರಿ ಆರಿಸುವವರಂತೆ ಕಾಣುತ್ತಿದ್ದರು.

ಪೆಪ್ಪರ್‌ಮಿಂಟಿನ ಮೇಜಿಗೆ ಬಂದಾಗ ಸಿಲ್ವಿ ಕುರ್ಚಿಯಲ್ಲಿ ಕೂರಲೇ ಇಲ್ಲ. ನಿಂತುಕೊಂಡೇ, ಉತ್ತರ ಪತ್ರಿಕೆಯ ಖಾಲಿ ಸಾಲಿನ ಮೇಲೆ ಬೆರಳು ಒತ್ತಿ ಹಿಡಿದು, ಗಂಟೆ ಬಾರಿಸುವವರೆಗೆ ತೆಗೆಯಲಿಲ್ಲ. ಅಮ್ಮನ ಮಾತು ಅವಳಿಗೆ ತಾಗಿತ್ತು ಎಂದು ನನಗೆ ಆಗ ಗೊತ್ತಾಯಿತು. ಅಮ್ಮ ಅಲ್ಲಿಗೆ ಬಂದಾಗ ಕೂತಳು, ಒಂದು ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡಳು. ಆಮೇಲೆ ಮಣಿಕಟ್ಟಿನ ಮೇಜು. ಅಲ್ಲಿ ಬೆಣಚುಕಲ್ಲಿನಷ್ಟು ಸಣ್ಣ ಮೂಳೆಗಳು, ಒಂದರಂತೆ ಇನ್ನೊಂದು. ಅಮ್ಮ ತನ್ನ ಎಡಗೈಯ ಮಣಿಕಟ್ಟನ್ನು ಬಲಗೈಯಿಂದ ಒತ್ತಿ ಒತ್ತಿ ನೋಡಿಕೊಂಡಳು. ಗಂಟೆ ಹೊಡೆಯಿತು. ಅವಳು ಇನ್ನೂ ಬರೆದಿರಲಿಲ್ಲ. ಏನೋ ಗೀಚಿ ಮುಂದೆ ಹೋದಳು.

ಮೇಷ್ಟ್ರು ಅಲ್ಲೇ ಕೂತು ಎರಡೂ ಪತ್ರಿಕೆ ನೋಡಿದರು. ನನ್ನನ್ನೂ ಒಳಗೆ ಕರೆದು ಕೂರಿಸಿದರು. ಅಕ್ಕ ತಂಗಿ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು.

"ಸಿಲ್ವಿ, ಎ," ಎಂದರು. ಆಮೇಲೆ, "ಐಲಾ, ಬಿ ಪ್ಲಸ್," ಎಂದರು.

ಸೀಟು ಹೋಯಿತು. ಸಿಲ್ವಿ, "ಅಕ್ಕಾ..." ಎಂದು ಕೈ ಚಾಚಿದಳು. ಅಮ್ಮ ಅದನ್ನು ಗಮನಿಸಲಿಲ್ಲ.

"ಎಷ್ಟು ಪಿನ್ನು?" ಎಂದು ಕೇಳಿದಳು.

"ಏನು?"

"ಅಕ್ಷರ ಬೇಡ ಮೇಷ್ಟ್ರೇ. ಅವಳಿಗೆ ಎಷ್ಟು ತಪ್ಪು, ನಂಗೆ ಎಷ್ಟು ತಪ್ಪು?"

ಮೇಷ್ಟ್ರು ಮತ್ತೆ ಪತ್ರಿಕೆ ನೋಡಿದರು. "ಅವಳಿಗೆ ಎರಡು. ನಿಂಗೆ ಐದು."

ಅಮ್ಮ ಬೆರಳು ಮಡಿಸಿದಳು. ಐದರಲ್ಲಿ ಎರಡು ಕಳೆಯಲು ಯಾರಿಗೂ ಬೆರಳು ಬೇಡ, ಆದರೂ ಮಡಿಸಿದಳು. "ಮೂರಾ?" ಎಂದಳು. "ಬರೀ ಮೂರಾ?"

"ಮೂರೇ."

"ನಲವತ್ತರಲ್ಲಿ?"

"ನಲವತ್ತರಲ್ಲಿ."

ಅಮ್ಮ ಸಿಲ್ವಿಯ ಕಡೆ ತಿರುಗಿದಳು. ಅವಳನ್ನು ಮೊದಲ ಸಲ ನೋಡುವವಳಂತೆ ಮೇಲಿಂದ ಕೆಳಗೆ ನೋಡಿದಳು. "ಇಷ್ಟು ವರ್ಷ ನೀನು ಬೆಟ್ಟದ ಮೇಲಿದೀಯಾ ಅಂದ್ಕೊಂಡಿದ್ದೆ ಕಣೆ. ಪಕ್ಕದ ಮನೇಲೇ ಇದೀಯಲ್ಲೇ."

ಸಿಲ್ವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಕ್ಕಾ, ಕ್ಷಮ್ಸು. ಸೀಟು..."

"ಕ್ಷಮೆ ಗಿಮೆ ಬೇಡ. ಸೀಟು ನಿಂದು, ಹೋಗಿ ಓದು. ನಿಂಗೆ ತಪ್ಪಿದ ಎರಡು ಯಾವ್ಯಾವುದು?"

"ಒಂದು ಪಾದದ ಮೂಳೆ," ಎಂದಳು ಸಿಲ್ವಿ. "ಇನ್ನೊಂದು ಗುಲ್ಮ, ಅದೇ ಸ್ಪ್ಲೀನ್. ಅದನ್ನ ಮೇದೋಜೀರಕ ಅಂತ ಬರ್ದುಬಿಟ್ಟೆ."

"ಗುಲ್ಮ ತಪ್ಪಾಯ್ತಾ?" ಅಮ್ಮ ಕುರ್ಚಿಯಿಂದ ಎದ್ದು ನಿಂತಳು. "ಮೇಷ್ಟ್ರೇ, ನಂದು ನೋಡಿ! ಗುಲ್ಮ ನಂದು ಸರಿಯಾಗಿದೆಯಾ?"

ಮೇಷ್ಟ್ರು ಬೆರಳಿಟ್ಟು ನೋಡಿದರು. "ಸರಿಯಾಗಿದೆ."

ಅಮ್ಮನ ಮುಖದಲ್ಲಿ ಬಂದ ಸಂತೋಷವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದು ಅಷ್ಟೇನೂ ಒಳ್ಳೆಯ ಸಂತೋಷವಲ್ಲ, ಅದನ್ನೂ ಹೇಳಬೇಕು. "ಮುಂದಿನ ಟರ್ಮಿಗೆ ಇದೇ ಪಾಠಕ್ಕೆ ನನ್ನ ಹೆಸರು ಬರ್ಕೊಳ್ಳಿ," ಎಂದು ಮೇಷ್ಟ್ರಿಗೆ ಹೇಳಿ ಕೋಟು ಹಾಕಿಕೊಂಡಳು.

ಹೊರಗೆ ಸಿಲ್ವಿಯ ಕಾರಿನ ಗಾಜಿನ ಮೇಲೆ ಮಂಜುಗಡ್ಡೆ ಕಟ್ಟಿತ್ತು. ಸಿಲ್ವಿ ಒಂದು ಕಡೆಯಿಂದ ಕೆರೆಯುತ್ತಿದ್ದಳು. ಅಮ್ಮ ನಮ್ಮ ಕಾರಿನಿಂದ ಇನ್ನೊಂದು ಕೆರೆಯುವ ಪಟ್ಟಿ ತಂದು ಮತ್ತೊಂದು ಕಡೆಯಿಂದ ಶುರುಮಾಡಿದಳು. ಆಮೇಲೆ ಅಮ್ಮ ಗಾಜಿನ ಮೇಲಿಂದ ಬಗ್ಗಿ, "ಗುಲ್ಮ ಎಡಗಡೆ ಇರುತ್ತೆ ಕಣೆ, ಪಕ್ಕೆಲುಬಿನ ಕೆಳಗೆ," ಎಂದಳು.

"ಗೊತ್ತು ಅಕ್ಕಾ."

"ಗೊತ್ತಿದ್ರೆ ಬರೀಬೇಕಿತ್ತು," ಎಂದು ಅಮ್ಮ ತನ್ನ ಕಡೆಯ ಗಾಜನ್ನು ತಂಗಿಗಿಂತ ಮೊದಲು ಕೆರೆದು ಮುಗಿಸಿದಳು.